ಹೈಡ್ರೋಜನ್ ಅಂಗಿ

ಅನಿಲ ವಿದ್ಯುತ್ ಸ್ಥಾವರದಲ್ಲಿ ಗ್ಯಾಸಿನ ಬದಲು ಹೈಡ್ರೋಜನ್ ಉರಿಸಬಹುದೇ ಎಂಬ ಅಧ್ಯಯನ ಯಶಸ್ವಿಯಾಗಿದೆಯೆಂದು, ಅಧ್ಯಯನ ಆರಂಭವಾಗುವ ಹಿಂದಿನ ದಿನವೇ ಪ್ರಕಟಿಸಲಾಯಿತು. ಹೀಗಾಗಿ ಮುಖ್ಯ ಎಂಜಿನಿಯರರಿಗೆ ಉಳಿದದ್ದು ಅಧ್ಯಯನ ಮಾಡುವ ಸಣ್ಣ ಕೆಲಸ ಮಾತ್ರ.

ಹೈಡ್ರೋಜನ್ನನ್ನು ನೀರಿನಿಂದ ಬೇರ್ಪಡಿಸಬೇಕು. ಅದಕ್ಕೊಂದು ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಸ್ಥಾವರ ತನ್ನ ಕರೆಂಟನ್ನೆಲ್ಲ ಆ ಯಂತ್ರಕ್ಕೆ ಉಣಿಸಿತು. ಬಂದ ಹೈಡ್ರೋಜನ್ ಉರಿಸಿದಾಗ ಹಾಕಿದ್ದರಲ್ಲಿ ಕಾಲು ಭಾಗ ಕರೆಂಟು ವಾಪಸಾಯಿತು. ಚಿಮಣಿಯಿಂದ ಹೊಗೆಯ ಬದಲು ಬೆಳ್ಳನೆಯ ಹಬೆ ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಪ್ರಕಟಣೆ ಬಂತು: "ವಿದ್ಯುತ್ ಉತ್ಪಾದನೆ ಭರದಿಂದ ಸಾಗಿರುವುದರಿಂದ ಗ್ರಾಹಕರಿಗೆ ವಿದ್ಯುತ್ ಲಭ್ಯವಿರುವುದಿಲ್ಲ."

ಎಂಜಿನಿಯರರ ತಂಗಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದಳು. ನೇರ ಅಣ್ಣನ ಕಚೇರಿಗೇ ಬಂದಳು.

"ಅಣ್ಣಾ, ವಾರದಿಂದ ಇಸ್ತ್ರಿ ಪೆಟ್ಟಿಗೆ ತಣ್ಣಗಿದೆ. ಅಂಗಡಿ ಬಾಗಿಲು ಹಾಕಬೇಕಾಗುತ್ತೆ."

"ಕರೆಂಟು ಮಾಡೋಕೇ ಕರೆಂಟು ಸಾಲ್ತಿಲ್ಲ ತಾಯೀ, ನಿನಗೆಲ್ಲಿಂದ ತರಲಿ?"

"ಮೊದಲಿನ ಹಾಗೆ ಗ್ಯಾಸೇ ಉರಿಸಬಾರದಾ?"

"ಉರಿಸಬಹುದು. ಆದರೆ ಅದು ಅಧ್ಯಯನದ ವ್ಯಾಪ್ತಿಗೆ ಬರಲ್ಲ."

ಅವಳು ಮುಖ ಊದಿಸಿಕೊಂಡು ಹೋದಳು. ಅಣ್ಣನ ಅಂಗಿಗಳೂ ಅವಳ ಅಂಗಡಿಯಲ್ಲೇ ಇಸ್ತ್ರಿಯಾಗಬೇಕಿತ್ತು. ಹಾಗಾಗಿ ಪರಿಶೀಲನಾ ಸಭೆಗೆ ಅವರು ಮುದುಡಿದ ಅಂಗಿಯಲ್ಲೇ ಹೋದರು. ಅವರ ಬಡ್ತಿಯ ಕಡತ ಆ ದಿನವೇ ನಿರ್ದೇಶಕರ ಮೇಜಿನ ಮೇಲಿತ್ತು.

"ಏನ್ರೀ ಇದು, ಹಾಸಿಗೆಯಿಂದ ಎದ್ದು ಬಂದ ಹಾಗಿದೆ?" ಎಂದರು ನಿರ್ದೇಶಕರು.

ಎಂಜಿನಿಯರರು ಅಂಗೈಯಿಂದ ಸುಕ್ಕುಗಳನ್ನು ಸವರಿಕೊಂಡರು. "ಇದು ಹೈಡ್ರೋಜನ್ ಅಂಗಿ ಸಾರ್. ಇದಕ್ಕೋಸ್ಕರ ಎಲ್ಲೂ ಒಂಚೂರು ಹೊಗೆ ಎದ್ದಿಲ್ಲ."

ನಿರ್ದೇಶಕರು ತಮ್ಮ ಗರಿಗರಿಯಾದ ಅಂಗಿಯನ್ನೊಮ್ಮೆ ನೋಡಿಕೊಂಡರು. ಮೆಲ್ಲಗೆ ಕೋಟಿನ ಗುಂಡಿ ಹಾಕಿಕೊಂಡರು. ಬಡ್ತಿಗೆ ಸಹಿಯಾಯಿತು. ಮಧ್ಯಾಹ್ನ ಸುತ್ತೋಲೆ ಹೊರಟಿತು: "ಸಿಬ್ಬಂದಿ ಸುಕ್ಕುಗಟ್ಟಿದ ಉಡುಪಿನಲ್ಲೇ ಹಾಜರಾಗತಕ್ಕದ್ದು. ನಯವಾದ ಉಡುಪು ಕಂಡುಬಂದಲ್ಲಿ ಕರೆಂಟು ಕದ್ದಿರುವುದಾಗಿ ಭಾವಿಸಲಾಗುವುದು."

ವಾರದೊಳಗೆ ಬ್ಯಾಂಕು, ಶಾಲೆ, ನ್ಯಾಯಾಲಯಗಳಿಗೂ ಇದೇ ನಿಯಮ ಬಂತು. ಆದರೆ ಈಗಿನ ಪಾಲಿಯೆಸ್ಟರ್ ಬಟ್ಟೆ ಅಷ್ಟು ಸುಲಭಕ್ಕೆ ಸುಕ್ಕಾಗುವುದಿಲ್ಲ. ತಂಗಿ ಅಂಗಡಿ ಮತ್ತೆ ತೆರೆದಳು. ಒದ್ದೆ ಅಂಗಿಯನ್ನು ಹಿಂಡಿ, ಗಂಟು ಕಟ್ಟಿ, ರುಬ್ಬುವ ಕಲ್ಲಿನಡಿ ಇಟ್ಟು ಬೆಳಗ್ಗೆ ಕೊಡುತ್ತಿದ್ದಳು. ಬಾಗಿಲಲ್ಲಿ ಸಾಲು ನಿಂತಿತು.

ಒಂದು ಸಂಜೆ ಅಣ್ಣ ಬಂದು ಸಮಾಧಾನದ ಧ್ವನಿಯಲ್ಲಿ ಹೇಳಿದರು: "ನಿನಗೋಸ್ಕರ ಮೇಲಿನವರ ಹತ್ತಿರ ಮಾತಾಡಿದೀನಿ. ಮತ್ತೆ ಗ್ಯಾಸು ಶುರು ಮಾಡಬಹುದು."

ತಂಗಿ ಕೈಲಿದ್ದ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದಳು. "ಸುಮ್ಮನಿರು ಅಣ್ಣಾ. ಈಗ ತಾನೇ ಇಬ್ಬರನ್ನ ಕೆಲಸಕ್ಕೆ ಇಟ್ಕೊಂಡಿದೀನಿ."

ಯೋಜನೆಗೆ ಸಾರ್ವಜನಿಕರ ಹೃತ್ಪೂರ್ವಕ ಬೆಂಬಲವಿದೆ ಎಂದು ಎಂಜಿನಿಯರರು ವರದಿ ಮುಗಿಸಿದರು. ಅಧ್ಯಯನವನ್ನು ಅನಿರ್ದಿಷ್ಟ ಕಾಲ ವಿಸ್ತರಿಸಲಾಯಿತು.