ಎರಡು ಮೆದುಳಿನ ಗಾಡಿ

"ನಾಳೆ ಬೆಳಿಗ್ಗೆ ನಿನ್ನ ಗಾಡಿ ಬೆಣ್ಣೆ ಮೇಲೆ ಚಾಕು ಜಾರಿದ ಹಾಗೆ ಹೋಗದಿದ್ರೆ ಕೇಳು" ಎಂದು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ಹೆಂಡತಿ ತಲೆ ಎತ್ತಲಿಲ್ಲ. ಅವಳು ಕೆನೆಯಿಂದ ಮಾಡಿದ ಗುಲಾಬಿಯೊಂದರ ಕೊನೆಯ ದಳವನ್ನು ತಿದ್ದುತ್ತಿದ್ದಳು. ಉಸಿರು ತಾಗಿದರೂ ಬಾಡುವಂಥ ದಳ.

ಅವನ ಧೈರ್ಯಕ್ಕೆ ಕಾರಣವಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಯಾವ ಕೋಣೆಯ ಕಂಪ್ಯೂಟರ್ ಮುನಿಸಿಕೊಂಡರೂ ಎಲ್ಲರೂ ಫೋನ್ ಮಾಡುತ್ತಿದ್ದುದು ಅವನಿಗೇ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಮಗುವನ್ನು ಮಲಗಿಸುವ ದನಿಯಲ್ಲಿ, ಒಂದು ಸಲ ಆಫ್ ಮಾಡಿ ಆನ್ ಮಾಡಿದಿರಾ ಎಂದು ವಿಚಾರಿಸುತ್ತಿದ್ದ. ಅಷ್ಟರಲ್ಲೇ ಮುಕ್ಕಾಲು ಪಾಲು ರೋಗಗಳು ವಾಸಿಯಾಗುತ್ತಿದ್ದವು. ಆಸ್ಪತ್ರೆಯವರು ಬೆನ್ನ ಹಿಂದೆ ಅವನನ್ನು ಆಫ್-ಆನ್ ಸಾಹೇಬರು ಎನ್ನುತ್ತಿದ್ದರು. ಅದೊಂದು ಬಿರುದು ಎಂದು ಅವನು ತಿಳಿದಿದ್ದ.

ಗಾಡಿ ಹೆಂಡತಿಯದು. ಕ್ಲಚ್ಚಿಲ್ಲ, ಕಾಲಿನಲ್ಲಿ ಗೇರು ಹಾಕುವ ಗೋಜಿಲ್ಲ. ತಾನೇ ಯೋಚಿಸಿ ತಾನೇ ಗೇರು ಬದಲಿಸುವ ಮೋಟಾರ್ ಸೈಕಲ್. ಕೇಕುಗಳನ್ನು ಕುಲುಕದೆ ಒಯ್ಯಲೆಂದೇ ಅವಳು ಅದನ್ನು ಕೊಂಡಿದ್ದಳು. ಹಿಂದೆ ಒಂದು ಪೆಟ್ಟಿಗೆ ಕೂರಿಸಿ, ಅದರೊಳಗೆ ಸ್ಪಂಜಿನ ಹಾಸಿಗೆಯನ್ನೂ ಹಾಸಿದ್ದಳು. ಆದರೆ ಕಾಲು ಉಳುಕಿ ಅವಳು ಎರಡು ತಿಂಗಳು ಮನೆಯಲ್ಲಿ ಕೂತು, ಮತ್ತೆ ಗಾಡಿ ಹತ್ತಿದಾಗ ಅದರ ನಡತೆಯೇ ಬದಲಾಗಿತ್ತು. ಹೊರಡುವಾಗ ಒಂದು ಎಗರು, ನಿಧಾನಿಸುವಾಗ ಒಂದು ಮುಗ್ಗರಿಕೆ. ಹೋದ ವಾರ ಪೆಟ್ಟಿಗೆ ತೆರೆದಾಗ ಕೇಕಿನ ಮೇಲಿರಬೇಕಾದ ಗುಲಾಬಿ ಮುಚ್ಚಳದ ಒಳಮೈಗೆ ಮುತ್ತಿಟ್ಟುಕೊಂಡು ನೇತಾಡುತ್ತಿತ್ತು.

ನಾಳೆಯ ಕೇಕು ಅಂಥಿಂಥದ್ದಲ್ಲ. ಕಾಲುವೆಯಾಚೆಯ ಹೋಟೆಲಿನ ಮುಖ್ಯ ಬಾಣಸಿಗ, ಹತ್ತು ಗಂಟೆಗೆ ಒಂದು ಮಾದರಿ ತನ್ನಿ, ರುಚಿ ನೋಡುತ್ತೇನೆ ಎಂದಿದ್ದ. ಅವನು ತಲೆಯಾಡಿಸಿದರೆ ಪ್ರತಿ ವಾರ ಅಲ್ಲಿಗೆ ಕೇಕು ಹೋಗುತ್ತದೆ. ಆಡಿಸದಿದ್ದರೆ ಇನ್ನೊಮ್ಮೆ ಕರೆಯುವ ಜಾಯಮಾನ ಅವನದಲ್ಲವಂತೆ. ಕಾರಿನಲ್ಲಿ ಹೋಗೋಣವೆಂದರೆ ಕಾಲುವೆಯ ಕಿರುಸೇತುವೆ ಎರಡು ಚಕ್ರಕ್ಕಷ್ಟೇ ದಾರಿ ಬಿಡುತ್ತಿತ್ತು. ಸುತ್ತು ಹಾಕಿ ಹೋಗುವ ರಸ್ತೆಯಲ್ಲಿ ಮೂರಂತಸ್ತಿನ ಕೇಕು ಗಂಜಿಯಾಗಿಯೇ ತಲುಪುವುದು.

"ಇದಕ್ಕೆ ಎರಡು ಮೆದುಳು" ಎಂದು ಅವನು, ಅವರ ಜೊತೆಗೇ ಇದ್ದ ಅತ್ತೆಗೆ ವಿವರಿಸಿದ. "ಎಂಜಿನ್ನಿಗೊಂದು ಕಂಪ್ಯೂಟರ್, ಗೇರಿಗೊಂದು. ಎರಡೂ ಕಲಿಯಬಾರದ್ದು ಏನೋ ಕಲಿತಿವೆ. ಅಳಿಸಿಬಿಟ್ರೆ ಹಾಲುಗಲ್ಲದ ಮಗು."

"ಒಂದೇ ಮೆದುಳಿರೋರನ್ನೇ ಸುಧಾರಿಸೋದು ಕಷ್ಟವಾಗಿದೆ" ಎಂದರು ಅತ್ತೆ, ಯಾರ ಕಡೆಗೂ ನೋಡದೆ.

ಬೆಳಿಗ್ಗೆ ಅಂಗಳದಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಸ್ತ್ರಚಿಕಿತ್ಸೆಗೆ ಹೊರಟವನಂತೆ ಅವನು ಅಂಗಿಯ ತೋಳು ಮಡಚಿದ. ಕೆಲಸದ ವಿಧಾನವನ್ನು ಯಾರೋ ಪುಣ್ಯಾತ್ಮರು ವಿವರವಾಗಿ ಬರೆದಿಟ್ಟಿದ್ದು ಫೋನಿನಲ್ಲಿ ಸಿಕ್ಕಿತ್ತು. ಒಂದು ಕೈ ಆಕ್ಸಿಲರೇಟರಿನ ಮೇಲೆ, ಇನ್ನೊಂದು ಗೇರು ಹಾಕುವ ಡಿ, ಗೇರು ಬಿಡಿಸುವ ಎನ್ ಗುಂಡಿಗಳ ಮೇಲೆ ಇರಬೇಕಾದ್ದರಿಂದ ಓದಿ ಹೇಳಲು ಒಬ್ಬರು ಬೇಕಿತ್ತು. ಹೆಂಡತಿ ಕೇಕಿನ ಮೂರನೆಯ ಅಂತಸ್ತು ಕೂರಿಸುತ್ತಿದ್ದಳು. ಅತ್ತೆ ಕನ್ನಡಕ ಒರೆಸಿಕೊಂಡು ಬಂದು ಕುರ್ಚಿ ಹಾಕಿಕೊಂಡರು.

ಅತ್ತೆ ಮೂವತ್ತು ವರ್ಷ ಶೀಘ್ರಲಿಪಿ ಕಲಿಸಿದವರು. ಸ್ಪಷ್ಟವಾದ ದನಿ, ಅಳೆದು ತೂಗಿದ ವೇಗ. ಇವರಿಗಿಂತ ಚೆನ್ನಾಗಿ ಓದುವವರು ಎಲ್ಲಿ ಸಿಗಬೇಕು ಎಂದು ಅವನು ಹಿಗ್ಗಿದ.

ಮೊದಲು ಎಂಜಿನ್ನಿನ ಸರದಿ. ಕೀಲಿ ತಿರುಗಿಸಿ ಆಕ್ಸಿಲರೇಟರನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿರಿ ಎಂದು ಅತ್ತೆ ಓದಿದರು. ಅವನು ತೆರೆದು ಮುಚ್ಚಿದ. ಸ್ವಲ್ಪ ತಡೆದು ಅತ್ತೆ ಅದನ್ನೇ ಮತ್ತೆ ಓದಿದರು. ಅವನು ಮತ್ತೆ ತೆರೆದು ಮುಚ್ಚಿದ. ಹಳದಿ ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿತು. ಒಂದು ಮೆದುಳು ತೊಳೆದು ಒಣಹಾಕಿದಂತಾಯಿತು. ಅವನು ಅಡುಗೆಮನೆಯ ಕಿಟಕಿಗೆ ಕೇಳುವಂತೆ ಶಿಳ್ಳೆ ಹೊಡೆದ.

ಗೇರಿನ ಮೆದುಳು ಮಾತ್ರ ಬೇರೆ ಮಣ್ಣಿನದು. ಬ್ರೇಕು ಹಿಡಿದು ಡಿ ಗುಂಡಿಯನ್ನು ಒಮ್ಮೆ ಒತ್ತಿ ಎಂದರು ಅತ್ತೆ. ಒತ್ತಿದ. ಪರದೆಯ ಮೇಲೆ ಸಣ್ಣ ಗೀಟೊಂದು ಮೂಡಿತು. ಡಿ ಗುಂಡಿಯನ್ನು ಒಮ್ಮೆ ಒತ್ತಿ ಎಂದರು ಅತ್ತೆ. ಒತ್ತಿದ. ಗೀಟು ಮಾಯವಾಯಿತು. ಮೊದಲಿನಿಂದ ಶುರು ಮಾಡಿದ. ಗೀಟು ಬಂತು, ಗೀಟು ಹೋಯಿತು. ಮೂರನೆಯ ಸಲ ಹಲ್ಲು ಕಚ್ಚಿ, ಹೆಬ್ಬೆರಳು ಬಿಳಿಚುವ ಹಾಗೆ ಒತ್ತಿದ. ಈಗ ಗೀಟು ಬರಲೂ ಇಲ್ಲ, ಹೋಗಲೂ ಇಲ್ಲ. ಕೆಂಪಾಗಿ ಪಿಳಿಪಿಳಿ ಎನ್ನತೊಡಗಿತು. ಯಾವ ಗುಂಡಿ ಒತ್ತಿದರೂ ಗಾಡಿ ಗೇರಿಗೆ ಬೀಳಲೊಲ್ಲದು.

ಹಾಗೆ ಪಿಳಿಪಿಳಿ ಎಂದರೆ ಏನಂತೆ ಎಂದು ಅವನು ಕೇಳಿದ. ಅತ್ತೆ ಬೆರಳಿನಿಂದ ಫೋನನ್ನು ಸರಿಸಿ ಸರಿಸಿ, ಗೇರು ತನ್ನ ರಕ್ಷಣೆಗಾಗಿ ಬೀಗ ಹಾಕಿಕೊಂಡಿದೆ ಎಂದು ಓದಿದರು. ಬಳಿಕ ಅದನ್ನೇ ಇನ್ನೊಮ್ಮೆ ಓದಿದರು. ಕೆಟ್ಟ ಸುದ್ದಿ ಎರಡು ಸಲ ಬಂದು ಅವನ ಎದೆಗೆ ಬಡಿಯಿತು.

ನಿನ್ನೆಯವರೆಗೆ ಎಗರಾಡಿಕೊಂಡಾದರೂ ಓಡುತ್ತಿದ್ದ ಗಾಡಿ ಈಗ ಅಂಗಳದ ನಡುವೆ ಕಲ್ಲಿನ ಕುದುರೆಯಾಗಿ ನಿಂತಿತ್ತು. ಬಿಸಿಲು ಕಾಂಪೌಂಡು ಗೋಡೆ ಇಳಿದು ಮೆಟ್ಟಿಲಿನತ್ತ ಹರಿದು ಬರುತ್ತಿತ್ತು. ಕೆನೆಗೂ ಬಿಸಿಲಿಗೂ ಆಗಿಬರುವುದಿಲ್ಲ ಎಂಬುದು ಆ ಮನೆಯ ಗೋಡೆಗಳಿಗೂ ಗೊತ್ತು. ಅವನ ಬೆನ್ನ ಮೇಲೆ ಬೆವರು ದಾರಿ ಹುಡುಕುತ್ತಿತ್ತು. ಗಾಡಿಯ ಕೆಳಗೆ ಬಗ್ಗಿ, ಅಲ್ಲಿ ಏನೂ ಕಾಣದೆ, ಏನೋ ಕಂಡವನಂತೆ ಹೂಂಗುಟ್ಟಿದ.

ಆಗ ಹೆಂಡತಿ ಹೊರಗೆ ಬಂದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎತ್ತಿ ಕಟ್ಟಿದ ಕೂದಲು. ಕೈಯಲ್ಲಿ ಒಂದು ತಟ್ಟೆ. ಕೇಕನ್ನು ಸಮ ಮಾಡುವಾಗ ಕತ್ತರಿಸಿ ತೆಗೆದ ಅಂಚಿನ ಚೂರುಗಳು ಅದರಲ್ಲಿದ್ದವು. ಕೆಂಪು ಗೀಟನ್ನು ನೋಡಿದಳು. ಗಂಡನನ್ನು ನೋಡಿದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ರೀ" ಎಂದಳು ಮೆಲ್ಲಗೆ, ಮಗುವನ್ನು ಮಲಗಿಸುವ ದನಿಯಲ್ಲಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?"

ಮಾಡಿರಲಿಲ್ಲ. ಊರಿಗೆಲ್ಲ ಹೇಳಿದ ಮಂತ್ರ ತನ್ನ ಅಂಗಳದಲ್ಲಿ ನಾಲಿಗೆಗೆ ಬಂದಿರಲಿಲ್ಲ. ಅವನು ಕೀಲಿ ಆಫ್ ಮಾಡಿದ. ಕಾದ. ಆನ್ ಮಾಡಿದ. ಕೆಂಪು ಗೀಟು, ಬೈಸಿಕೊಂಡ ಹುಡುಗನಂತೆ, ತಣ್ಣಗೆ ಜಾಗ ಖಾಲಿ ಮಾಡಿತು.

"ಈಗ ಮೊದಲಿಂದ ಓದಮ್ಮಾ" ಎಂದಳು. ಅತ್ತೆ ಓದಿದರು: ಬ್ರೇಕು ಹಿಡಿದು ಡಿ ಗುಂಡಿಯನ್ನು ಒಮ್ಮೆ ಒತ್ತಿ. ಅವನು ಒತ್ತಿದ. ಗೀಟು ಮೂಡಿತು. ಅತ್ತೆ ಅದೇ ತೂಕದಲ್ಲಿ ಮತ್ತೆ ಓದಿದರು. ಅವನ ಹೆಬ್ಬೆರಳು ಮತ್ತೆ ಕೆಳಗಿಳಿಯಿತು. ಹೆಂಡತಿ ಅದನ್ನು ಗಪ್ಪನೆ ಹಿಡಿದುಕೊಂಡಳು.

"ಅಮ್ಮಾ, ನೀನು ಪ್ರತಿ ವಾಕ್ಯ ಎರಡೆರಡು ಸಲ ಓದ್ತಿದೀಯಾ?"

"ಒಂದೇ ಸಲ ಓದಿದ್ರೆ ಹಿಂದಿನ ಬೆಂಚಿನವರು ಹೇಗೆ ಬರ್ಕೋತಾರೆ?" ಎಂದರು ಅತ್ತೆ, ಇದೇನು ಕೇಳುವ ಮಾತೇ ಎಂಬಂತೆ.

ಮೂವತ್ತು ವರ್ಷದ ಅಭ್ಯಾಸ. ಪೇಪರನ್ನೂ, ಔಷಧಿಯ ಚೀಟಿಯನ್ನೂ ಅವರು ಎರಡು ಸಲವೇ ಓದುತ್ತಿದ್ದರು. ರೈಲು ಹಳಿಯ ಪಕ್ಕದವರಿಗೆ ರೈಲು ಕೇಳಿಸದಂತೆ ಮನೆಯವರಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಎಂಜಿನ್ನಿನ ಕೆಲಸ ಎರಡು ಸಲ ಮಾಡಿದರೂ ಕೂಡಿಬಂದದ್ದರಿಂದ, ಇದು ಈ ವಿದ್ಯೆಯ ಕ್ರಮವೇ ಇರಬೇಕೆಂದು ಅಳಿಯ ನಂಬಿದ್ದ. ಗೇರಿನ ಮೆದುಳು ಮಾತ್ರ, ಮೊದಲು ಒತ್ತಿದಾಗ ಬಾಗಿಲು ತೆರೆದು, ಎರಡನೆಯ ಸಲಕ್ಕೆ ಮುಚ್ಚಿಕೊಳ್ಳುತ್ತಿತ್ತು.

ಒಂದೇ ಸಲ ಓದು ಎಂದರೆ ಅತ್ತೆಗೆ ಆಗದು. ಪ್ರಯತ್ನಿಸಿದರು, ಬಾಯಿ ತಾನಾಗಿ ತೆರೆದುಕೊಂಡಿತು. ಫೋನು ಕಸಿದುಕೊಂಡರೆ ಅವರ ಮನಸ್ಸು ಮುದುಡುತ್ತಿತ್ತು. ಹೆಂಡತಿ ಒಂದು ಗಳಿಗೆ ಯೋಚಿಸಿ, ತಟ್ಟೆ ಹಿಡಿದು ಅಮ್ಮನ ಪಕ್ಕ ಕೂತಳು. ವಾಕ್ಯವೊಂದು ಮುಗಿದು ಎರಡನೆಯ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಂದು ಚೂರು ಕೇಕು ಬಾಯಿಗಿಟ್ಟಳು. ಅತ್ತೆ ಜಗಿದರು. ಅವನು ಒಂದೇ ಸಲ ಒತ್ತಿದ. ಇನ್ನೊಂದು ವಾಕ್ಯ, ಇನ್ನೊಂದು ಚೂರು. ಎನ್ ಗುಂಡಿ, ಒಂದು ಚೂರು. ಎಂಜಿನ್ ಸ್ಟಾರ್ಟು, ಒಂದು ಚೂರು. ಕೊನೆಗೆ, ದೀಪ ಆರುವ ತನಕ ಗಾಡಿಯನ್ನು ಯಾರೂ ಮುಟ್ಟಬಾರದು ಎಂಬ ಕಟ್ಟಪ್ಪಣೆ ಬಂತು. ಅದಕ್ಕೆ ಸ್ವಲ್ಪ ದೊಡ್ಡ ಚೂರು.

ಮೂವರೂ ಉಸಿರು ಬಿಗಿಹಿಡಿದು ನಿಂತರು. ಎಂಜಿನ್ನು ತನ್ನಷ್ಟಕ್ಕೆ ಗೊಣಗುತ್ತಿತ್ತು. ಬಿಸಿಲು ಮೊದಲ ಮೆಟ್ಟಿಲು ಹತ್ತಿತು. ಅವನಿಗೆ ಸೀನು ಬಂತು. ಮೂಗು ಹಿಂಡಿ ಅದನ್ನು ಬಂದ ದಾರಿಗೇ ಕಳಿಸಿದ. ಎಲೆಯೊಂದು ಸೀಟಿನ ಮೇಲೆ ಬಂದು ಬಿದ್ದಾಗ ಮೂವರ ಜೀವವೂ ಬಾಯಿಗೆ ಬಂತು. ಎಲೆ ಮುಟ್ಟಿದ್ದು ಲೆಕ್ಕಕ್ಕೆ ಬರುವುದೋ ಇಲ್ಲವೋ ಯಾರು ಬಲ್ಲರು. ಬಿಸಿಲು ಎರಡನೆಯ ಮೆಟ್ಟಿಲಿಗೆ ಕೈಯಿಟ್ಟಿತು. ಆಮೇಲೆ, ಯಾರೋ ಊದಿದಂತೆ, ದೀಪ ಆರಿತು.

ಹೆಂಡತಿ ಒಳಗೆ ಓಡಿ, ನಡೆದುಕೊಂಡು ಬಂದಳು, ಕೈಯಲ್ಲಿ ಕೇಕಿತ್ತು. ಪೆಟ್ಟಿಗೆ ಮುಚ್ಚಿದಳು. ಗಾಡಿ ಹೊರಟಿತು. ಎಗರಲಿಲ್ಲ. ಬೀದಿಯ ತಿರುವಿನಲ್ಲಿ ನಿಧಾನಿಸಿತು. ಮುಗ್ಗರಿಸಲಿಲ್ಲ. ಹರಿಯುವ ನೀರಿನ ಮೇಲೆ ಇಟ್ಟ ಹೂವಿನಂತೆ ಕಣ್ಮರೆಯಾಯಿತು.

ಫೋನು ಬರುವ ತನಕ ಅವನು ಅಂಗಳದಲ್ಲಿ ಶತಪಥ ಹಾಕಿದ. ಅತ್ತೆಯ ಮಡಿಲಲ್ಲಿದ್ದ ಅವನ ಫೋನು ಕೊನೆಗೂ ಸದ್ದು ಮಾಡಿತು. ಬಾಣಸಿಗ ರುಚಿ ನೋಡಿದನಂತೆ. ಎರಡನೆಯ ತುಂಡನ್ನು ತಾನೇ ಕತ್ತರಿಸಿಕೊಂಡನಂತೆ. ಬರುವ ವಾರದಿಂದಲೇ ಕಳಿಸಿ ಎಂದನಂತೆ. ಮತ್ತೆ ಗಾಡಿ ಹೇಗೆ ಹೋಯಿತು ಎಂದು ಅವನು ಕೇಳಿದ.

"ಬೆಣ್ಣೆ" ಎಂದಳು ಅವಳು.

ಅವನು ಅತ್ತೆಯ ಕಡೆ ತಿರುಗಿದ. ಅಳಿಯನ ಎದೆ ಅಂಗಿಯ ಗುಂಡಿಗಳಿಗೆ ಭಾರವಾಗಿತ್ತು. "ನೋಡಿದ್ರಾ ಅತ್ತೆ? ಗಾಡಿಯದ್ದೇ ತಪ್ಪು. ಅದರ ತಲೇಲಿ ಕಸ ತುಂಬಿತ್ತು."

"ಕೊನೇ ಸಾಲು ಓದೋದು ಬಾಕಿ ಇದೆ" ಎಂದು ಅತ್ತೆ ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಕನ್ನಡಕ ಏರಿಸಿಕೊಂಡರು. "ಗಾಡಿ ತನ್ನಷ್ಟಕ್ಕೆ ಏನನ್ನೂ ಕಲಿಯುವುದಿಲ್ಲ. ಸವಾರರು ಗಾಬರಿಯಿಂದ ಆಕ್ಸಿಲರೇಟರ್ ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು ಓಡಿಸಿದರೆ, ಕೆಲವು ವಾರಗಳಲ್ಲಿ ಅದೂ ಎಗರಾಡುವುದನ್ನು ಕಲಿಯುತ್ತದೆ."

ಹೆಂಡತಿಯ ಕಾಲು ಉಳುಕಿದ್ದ ಎರಡು ತಿಂಗಳು ಆಸ್ಪತ್ರೆಯ ಕೆಲಸಕ್ಕೆ ಆ ಗಾಡಿಯಲ್ಲಿ ಹೋಗಿ ಬಂದವನು ಯಾರೆಂದು ಅಂಗಳದಲ್ಲಿ ಯಾರೂ ಕೇಳಲಿಲ್ಲ. ರಸ್ತೆಯ ಪ್ರತಿ ಉಬ್ಬೂ ಅವನ ಕಣ್ಣ ಮುಂದೆ ಹಾದುಹೋಯಿತು. ಆಫ್, ಆನ್. ಆಫ್, ಆನ್.

ಅತ್ತೆ ಎರಡನೆಯ ಉಸಿರು ಎಳೆದುಕೊಂಡರು. ಅವನು ಗಡಬಡಿಸಿ ತಟ್ಟೆಯ ಕಡೆ ಕೈ ಚಾಚಿದ.

ತಟ್ಟೆ ಖಾಲಿಯಾಗಿತ್ತು.