ಕದ್ದು ಕೂತವರು

ಭಾನುವಾರ ಬೆಳಿಗ್ಗೆ ಅಲಮಾರಿನೊಳಗಿನ ಪೆಟ್ಟಿಗೆ ಕೂಗಿದ್ದೇ ಎಲ್ಲದಕ್ಕೂ ಮೂಲ.

ಅದು ರೈಲ್ವೆ ಟೀಸಿಯ ಪೆಟ್ಟಿಗೆ. ಹಳೆಯ ಕಂಪ್ಯೂಟರಿಗೆ ದೊಡ್ಡ ಡಿಸ್ಕು ಜೋಡಿಸಿ, ಮಕ್ಕಳ ನಾಟಕದಿಂದ ಹಿಡಿದು ಜೀವಮಾನವಿಡೀ ಕೂಡಿಟ್ಟ ಸಿನಿಮಾಗಳವರೆಗೆ ಎಲ್ಲವನ್ನೂ ಅದರಲ್ಲಿ ತುಂಬಿದ್ದ. ಪಾಸ್‌ವರ್ಡ್ ಇದ್ದವರು ಎಲ್ಲಿ ಕೂತಾದರೂ ನೋಡಬಹುದು. ಹೊಸ ಟಿವಿಗಾದರೆ ವಿಡಿಯೊ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಹಳೆಯ ಟಿವಿಗಳಿಗೆ ಅದು ಅರಗುವುದಿಲ್ಲ. ಹಲ್ಲಿಲ್ಲದ ಅಜ್ಜಿಗೆ ಅರೆದು ಕೊಟ್ಟ ಹಾಗೆ, ಪೆಟ್ಟಿಗೆಯೇ ಬೇರೆ ರೂಪಕ್ಕೆ ಅರೆದು ಕಳಿಸಬೇಕು. ಅರೆಯುವಾಗ ಅದರ ಫ್ಯಾನು ವಿಮಾನ ಏಳುವ ಹಾಗೆ ಕೂಗುತ್ತಿತ್ತು. ಅದಕ್ಕೇ ಹೋದ ವಾರ ಅರೆಯುವ ಕೆಲಸಕ್ಕೆಂದೇ ಒಂದು ಗ್ರಾಫಿಕ್ಸ್ ಕಾರ್ಡ್ ತಂದಿದ್ದ.

"ಇನ್ನು ಒಬ್ರು ಇಬ್ರು ನೋಡಿದ್ರೆ ಉಸಿರೂ ಕೇಳ್ಸಲ್ಲ ಅಣ್ಣ. ಹತ್ತು ಜನ ಒಟ್ಟಿಗೆ ಕೂತ್ರೆ ಕೂಗೀತೋ ಏನೋ" ಎಂದಿದ್ದ ಕಂಪ್ಯೂಟರ್ ರಿಪೇರಿಯವನು. ಮನೆಗೆ ಬಂದು ಹಾಕಿಕೊಡುತ್ತೇನೆ ಎಂದೂ ಹೇಳಿದ್ದ. ಟೀಸಿ ಬೇಡವೆಂದ. ಒಳಗೆ ಬಿಟ್ಟರೆ ಸಿನಿಮಾಗಳ ನಕಲು ಹೊಡೆದುಕೊಂಡು ಹೋದಾನು ಎಂಬ ಗುಮಾನಿ. ತಾನೇ ಸ್ಕ್ರೂ ಬಿಗಿದ.

ಗುಮಾನಿಯೇ ಅವನ ಹೊಟ್ಟೆಪಾಡು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಡಬ್ಬಿ ಹತ್ತಿದವನೇ ಬಾಗಿಲಲ್ಲಿ ನಿಂತು, "ಕದ್ದು ಕೂತವರು ಯಾರು ಅಂತ ನನಗೆ ಗೊತ್ತು. ತಾವಾಗಿ ಎದ್ದು ಬಂದ್ರೆ ಮಾಫಿ, ನಾನು ಹಿಡಿದ್ರೆ ಇಲ್ಲ" ಎನ್ನುತ್ತಿದ್ದ. ಅವನಿಗೆ ಏನೂ ಗೊತ್ತಿರುತ್ತಿರಲಿಲ್ಲ. ಆದರೂ ಯಾವನಾದರೂ ಒಬ್ಬ ತಲೆ ಕೆರೆಯುತ್ತ ಎದ್ದು ಬರುತ್ತಿದ್ದ.

ಓಡುವ ರೈಲಿನಲ್ಲಿ ನಿಂತು ನಿಂತು ಈಗ ಮಂಡಿ ಸವೆದಿತ್ತು. ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗುವುದಿತ್ತು. ಅದರ ಮೇಲೆ ಕಣ್ಣಿಟ್ಟೇ ಟೀಸಿ, ತನ್ನ ಮೇಲಧಿಕಾರಿ ಸಾಹೇಬರ ಮದುವೆಯ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಇಸಿದುಕೊಂಡು, ವಿಡಿಯೊ ಮಾಡಿಸಿ ಪೆಟ್ಟಿಗೆಗೆ ಹಾಕಿದ್ದ. ಶನಿವಾರ ಅವರ ಮನೆಗೇ ಹೋಗಿ ಟಿವಿಗೆ ಪಾಸ್‌ವರ್ಡ್ ಹಾಕಿ ಬಂದಿದ್ದ.

"ನಾಳೆ ಸಂಜೆ ನೆಂಟರೆಲ್ಲ ಬರ್ತಾರೆ, ಒಟ್ಟಿಗೆ ಕೂತು ನೋಡ್ತೀವಿ ಕಣಯ್ಯ. ಚೆನ್ನಾಗಿ ಬಂದ್ರೆ ಆ ಕುರ್ಚಿ ನಿಂದೇ ಅಂದ್ಕೊ" ಎಂದಿದ್ದರು ಸಾಹೇಬರು.

ಮರುದಿನ ಬೆಳಿಗ್ಗೆಯೇ ಈ ಕೂಗು.

"ರೀ, ನಿಮ್ಮ ಅಲಮಾರಿಗೆ ಗಂಟಲು ಬಂದಿದೆ" ಎಂದಳು ಹೆಂಡತಿ.

"ಹತ್ತು ಜನ" ಎಂದ ಟೀಸಿ. ಅವನ ಕಣ್ಣು ಆಗಲೇ ಸಣ್ಣಗಾಗಿತ್ತು. "ಕಾರ್ಡ್ ಹಾಕಿದ ಮೇಲೂ ಕೂಗ್ತಿದೆ ಅಂದ್ರೆ ಹತ್ತು ಜನ ಟಿಕೆಟ್ ಇಲ್ಲದೆ ಹತ್ತಿದಾರೆ. ಸಂಜೆಗೆ ಸಾಹೇಬರ ಮದುವೆ ತಾಳಿ ಕಟ್ಟೋ ಮುಂಚೆ ನಿಂತುಹೋಗುತ್ತೆ."

"ಪಾಸ್‌ವರ್ಡ್ ಬದಲಾಯಿಸಿ."

"ಸಾಹೇಬರ ಟಿವಿಗೆ ಹಾಕೋಷ್ಟರಲ್ಲೇ ನನ್ನ ಪ್ರಾಣ ಹೋಗಿತ್ತು. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಟೀಸಿ ತಪಾಸಣೆಗೆ ಹೊರಟ. ಮೊದಲು ಪಕ್ಕದ ಮನೆ ಟೈಲರ್. ಟೀಸಿ ಮಾತಾಡಿಸುವ ನೆವದಲ್ಲಿ ಒಳಗೆ ಹೋಗಿ, ಮೆಲ್ಲಗೆ ಟಿವಿಯ ಬೆನ್ನ ಮೇಲೆ ಕೈಯಿಟ್ಟ. ಬಿಸಿ ಇತ್ತು.

"ಜ್ವರ ಇದೆಯಾ?" ಕೇಳಿದ ಟೈಲರ್.

"ಬೆಳಿಗ್ಗೆಯಿಂದ ಏನು ನೋಡ್ತಿದ್ದೆ?"

"ನಿಮ್ಮ ಮುಖ. ಅದರ ಹಿಂದೆ ಇಸ್ತ್ರಿಪೆಟ್ಟಿಗೆ ಇಟ್ಟಿದೀನಿ, ಕೈ ಸುಟ್ಕೋಬೇಡಿ."

ಟೀಸಿ ಆಗಲೇ ಸುಟ್ಟುಕೊಂಡಿದ್ದ. ಬೆರಳು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲು ಹತ್ತಿದ. ಮಹಡಿಯ ಮೇಲಿನ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದಳು. ಕೆದರಿದ ತಲೆಯಲ್ಲಿ ಬಾಗಿಲು ತೆಗೆದಳು. ಕೈಯಲ್ಲಿ ಫೋನು.

"ಎಲ್ಲಿ, ಆ ಫೋನು ತೋರ್ಸಮ್ಮ."

"ಯಾಕೆ ಅಂಕಲ್, ಹಾಸಿಗೆಗೂ ಟಿಕೆಟ್ ತಗೋಬೇಕಾ?" ಬಾಗಿಲು ಮುಚ್ಚಿದ ಹೊಡೆತಕ್ಕೆ ಗೋಡೆಯ ಸುಣ್ಣ ಟೀಸಿಯ ತಲೆ ಮೇಲೆ ಬಿತ್ತು.

ಕೊನೆಗೆ ಹಿಂದಿನ ಬೀದಿಯ ಬಾಮೈದ. ಟೀಸಿ ಕಿಟಕಿಯಲ್ಲಿ ಇಣುಕುವಾಗ ಹೂಕುಂಡ ಬಿದ್ದು ಒಡೆಯಿತು. "ಭಾವ, ಕದ್ದು ನೋಡ್ತಿರೋದು ನಾನಾ ನೀವಾ?" ಎಂದು ಒಳಗಿನಿಂದಲೇ ಕೇಳಿದ ಅವನು. ಟೀಸಿ ಮನೆ ಮುಟ್ಟುವಷ್ಟರಲ್ಲಿ ಅಕ್ಕನಿಗೆ ಫೋನು ಹೋಗಿತ್ತು. ಊಟ ತಟ್ಟೆಗೆ ಬಿತ್ತು, ಮಾತು ಬೀಳಲಿಲ್ಲ. ಪೆಟ್ಟಿಗೆ ಮಾತ್ರ ಕೂಗುತ್ತಲೇ ಇತ್ತು.

ಟೀಸಿ ರಿಪೇರಿಯವನಿಗೆ ಫೋನು ಮಾಡಿದ. "ಕದ್ದು ನೋಡೋರನ್ನ ಹಿಡಿಯೋಕೆ ಏನಾದ್ರೂ ದಾರಿ ಇದೆಯೇನೋ?"

"ಅರೆದು ಕಳಿಸೋ ವಿಡಿಯೊ ಮೇಲೆಲ್ಲ ಆಗಾಗ ಬಂದು ಹೋಗೋ ಹಾಗೆ ಅಕ್ಷರ ಅಚ್ಚು ಹಾಕ್ಬಹುದು ಅಣ್ಣ. ನಿಮ್ಮ ಟಿವಿಲಿ ಕಾಣಲ್ಲ, ಹೊಸದಲ್ವಾ, ಅದಕ್ಕೆ ಅರೆಯೋದೇ ಬೇಡ. ಬೇರೆಯವರು ಮುಂದಿನ ಸಲ ವಿಡಿಯೊ ಹಾಕಿದಾಗ ಅವರ ಪರದೆ ಮೇಲೆ ಕಾಣುತ್ತೆ." ಹೇಗೆಂದೂ ಹೇಳಿಕೊಟ್ಟ.

ಏನು ಬರೆಯಬೇಕೆಂದು ಟೀಸಿ ಯೋಚಿಸಲೇ ಇಲ್ಲ. ಬಾಯಿಪಾಠವಿತ್ತು. ದಪ್ಪ ಹಳದಿ ಅಕ್ಷರದಲ್ಲಿ ಹಾಕಿದ: ಕದ್ದು ಕೂತವನೇ, ನೀನು ಯಾರು ಅಂತ ನನಗೆ ಗೊತ್ತು. ನೀನಾಗಿ ಎದ್ದು ಬಂದರೆ ಮಾಫಿ.

ಆಮೇಲೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಯಾವ ಮನೆಯಿಂದ ಗಲಾಟೆ ಏಳುತ್ತದೆಂದು ಕಿವಿ ನಿಮಿರಿಸಿ ಕೂತ. ಟೈಲರನ ಮಿಷನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಎಂಥಾ ದಪ್ಪ ಚರ್ಮದ ಕಳ್ಳರು ಎಂದುಕೊಂಡ.

ದೀಪ ಹಚ್ಚುವ ಹೊತ್ತಿಗೆ ರಿಪೇರಿಯವನೇ ಫೋನು ಮಾಡಿದ. "ಅಣ್ಣ, ಆಗ ನೀವು ಫೋನು ಮಾಡಿದಾಗ ಹಿಂದೆ ಅದೇನು ಆ ಪಾಟಿ ಸದ್ದು? ಸೆಟ್ಟಿಂಗ್‌ನಲ್ಲಿ ಕಾರ್ಡಿಗೆ ಟಿಕ್ ಹಾಕಿದೀರಿ ತಾನೇ?"

"ಯಾವ ಟಿಕ್?"

"ಅಯ್ಯೋ, ಕಾರ್ಡ್ ಸಿಕ್ಕಿಸಿದ್ರೆ ಸಾಕಾ? ಕೆಲಸ ಅದಕ್ಕೆ ಕೊಡು ಅಂತ ಟಿಕ್ ಹಾಕ್ಬೇಕು. ಇಲ್ಲಾಂದ್ರೆ ಅದು ಮಾವನ ಮನೆಗೆ ಬಂದ ಅಳಿಯನ ಹಾಗೆ ಸುಮ್ಮನೆ ಕೂತಿರುತ್ತೆ. ಪಾಪ, ಹಳೇ ಪ್ರೊಸೆಸರೇ ಅರೀತಿರುತ್ತೆ. ಅದು ಕೂಗೋಕೆ ಹತ್ತು ಜನ ಯಾಕೆ, ಒಬ್ರು ಸಾಕು."

ದಿನಕ್ಕೆ ಸಾವಿರ ಟಿಕೆಟ್ಟಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕುವ ಟೀಸಿ, ಬೆವರುತ್ತ ಹೋಗಿ ಆ ಒಂದು ಟಿಕ್ ಹಾಕಿದ. ಪೆಟ್ಟಿಗೆ ಮಗುವಿನಂತೆ ಮಲಗಿತು.

"ಹಾಗಾದ್ರೆ ಬೆಳಿಗ್ಗೆಯಿಂದ ನೋಡ್ತಿದ್ದವರು ಒಬ್ರೇ" ಎಂದಳು ಹೆಂಡತಿ. "ಮನೆಯವರನ್ನ ಬಿಟ್ಟು ಇನ್ಯಾರಿಗ್ರೀ ಪಾಸ್‌ವರ್ಡ್ ಕೊಟ್ಟಿದ್ರಿ?"

ಕೊಟ್ಟಿದ್ದು ಸಾಹೇಬರಿಗೆ ಮಾತ್ರ. ಸಾಹೇಬರ ಟಿವಿ ಹಳೆಯದು. ಟೀಸಿ ಅಕ್ಷರ ಅಳಿಸಲು ಎದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಬೆಳಿಗ್ಗೆಯಿಂದ ನಮ್ಮನೆಯವಳು ಅದನ್ನೇ ಹಚ್ಕೊಂಡು ಕೂತಿದಾಳೆ ಕಣಯ್ಯ" ಎಂದರು ಸಾಹೇಬರು. "ಈಗ ನೆಂಟರೆಲ್ಲ ಕೂತ್ಕೊಂಡು ಮತ್ತೆ ಮೊದಲಿಂದ ಹಾಕಿದ್ವಿ. ನನ್ನ ಮದುವೆ ಮಂಟಪದ ಮೇಲೆ ಏನು ಬಂತು ಗೊತ್ತಾ?"

"ಸಾರ್, ಅದು ನಿಮಗೆ ಬರೆದಿದ್ದಲ್ಲ ಸಾರ್."

"ನನಗಲ್ಲ ಅಂತ ನನಗೆ ಗೊತ್ತಿಲ್ವಾ? ನಮ್ಮಮ್ಮನ ಚಿನ್ನದ ಕೈಗಡಿಯಾರ ಆ ಮದುವೆ ದಿನವೇ ಕಾಣೆಯಾಗಿತ್ತು. ವಿಡಿಯೊದಲ್ಲಿ ಅಮ್ಮ ಗಡಿಯಾರ ಕಟ್ಟಿದ ಕೈ ಎತ್ತಿದ್ಲು ನೋಡು, ಕೆಳಗೆ ನಿನ್ನ ಅಕ್ಷರ ಬಂತು. ನನ್ನ ತಮ್ಮ ಎದ್ದು ನಿಂತು, 'ಅಣ್ಣ, ಮಾಫಿ ಮಾಡು' ಅಂತ ಕಾಲು ಹಿಡ್ಕೊಂಡ. ಇಷ್ಟು ವರ್ಷ ಅಡುಗೆಯವಳನ್ನ ಬೈಕೊಂಡಿದ್ವಲ್ಲಯ್ಯ. ಬರೀ ಕ್ಯಾಸೆಟ್ ನೋಡಿ ಅದು ಹೇಗೆ ಹಿಡಿದೆ ನೀನು?"

ಟೀಸಿಯ ಎದೆ ಹೂವಾಯಿತು. "ಸಾರ್, ಹಾಗಾದ್ರೆ ಆ ಕುರ್ಚಿ..."

"ಕುರ್ಚಿನಾ? ನಾಚಿಕೆ ಆಗಲ್ವಾ ನಿನಗೆ, ಇಂಥಾ ಕಣ್ಣಿಟ್ಕೊಂಡು ಕುರ್ಚೀಲಿ ಕೂರೋಕೆ? ನಾಳೆಯಿಂದ ರಾತ್ರಿ ರೈಲುಗಳ ತಪಾಸಣಾ ದಳಕ್ಕೆ ನೀನೇ ಮುಖ್ಯಸ್ಥ. ರಿಟೈರ್ ಆಗೋವರೆಗೂ ನಿನ್ನ ಅಲ್ಲಿಂದ ಯಾರೂ ಅಲುಗಾಡಿಸಲ್ಲ, ನನ್ನ ಮಾತು."

ಫೋನು ಇಟ್ಟ ಟೀಸಿ ಮಂಡಿ ಹಿಡಿದು ನೆಲಕ್ಕೆ ಕೂತ. ಹೆಂಡತಿ ಅಟ್ಟದಿಂದ ರಾತ್ರಿ ಪಾಳಿಯ ಟಾರ್ಚು, ಕಂಬಳಿ ಇಳಿಸಿದಳು. ಅಲಮಾರಿನಲ್ಲಿ ಪೆಟ್ಟಿಗೆ ಉಸಿರೂ ಬಿಡದೆ ಮಲಗಿತ್ತು. ಒಂದು ಟಿಕ್ಕಿಗೆ ಅದರ ಭಾರವಾದರೂ ಇಳಿದಿತ್ತು.