ಅತ್ತೆಯ ಎಂಬಿಎ ವ್ರತ

ಲೋಕದ ಸೊಸೆಯಂದಿರೇ, ನಿಮ್ಮ ನಿಮ್ಮ ಅತ್ತೆಯರ ಮೇಲೆ ನಿಮಗೆ ಏನೇ ದೂರಿರಲಿ, ಒಂದು ಪ್ರಶ್ನೆ ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಹೇಳಿ. ನಿಮ್ಮತ್ತೆ ಎಂದಾದರೂ ಕ್ಲಾಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು, ಮೇಷ್ಟ್ರು ಕೇಳಿದ ಪ್ರಶ್ನೆಗೆ ನಿಮಗಿಂತ ಮೊದಲು ಕೈ ಎತ್ತಿದ್ದಾರೆಯೇ? ಇಲ್ಲ ತಾನೇ? ಹಾಗಾದರೆ ಸುಮ್ಮನಿರಿ. ಅತ್ತೆಯ ಕಾಟ ಎಂದರೇನು ಅಂತ ನಿಮಗಿನ್ನೂ ಗೊತ್ತೇ ಇಲ್ಲ!

ನನಗೆ ಗೊತ್ತು. ನಾನೂ ನಮ್ಮತ್ತೆಯೂ ಒಂದೇ ಕಾಲೇಜಿನಲ್ಲಿ, ಒಂದೇ ಡೆಸ್ಕಿನಲ್ಲಿ ಕೂತು ಎಂಬಿಎ ಓದಿದವರು. ತಮಾಷೆಯಲ್ಲ, ಆಣೆಗೂ ನಿಜ.

ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ವಿಜಯನಗರದಲ್ಲಿ ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ "ನಮ್ಮ ಹುಡುಗಿ ಎಂಬಿಎ ಮಾಡ್ತಿದಾಳೆ" ಎಂಬ ಮಾತು ಕೋಸಂಬರಿಯ ಜೊತೆಗೇ ಬರುತ್ತಿತ್ತು. ಹೊಸದಾಗಿ ಮದುವೆಯಾಗಿದ್ದ ನನಗೂ ಆಸೆ ಹತ್ತಿತು. ರಾಜಾಜಿನಗರದ ಕಾಲೇಜೊಂದರಲ್ಲಿ ಸಂಜೆ ಹೊತ್ತು ತರಗತಿ ಇದೆಯೆಂದು ಗೊತ್ತಾಗಿ ಅರ್ಜಿ ತರಲು ಹೊರಟೆ. "ಒಬ್ಳೇ ಯಾಕೆ ಹೋಗ್ತೀಯಾ, ನಾನೂ ಬರ್ತೀನಿ ಇರು" ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಜೊತೆಗೆ ಬಂದರು. ಅವರು ಬಿಕಾಂ ಓದಿದವರು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದೂ ಬರೆದೂ ಸಾಕಾಗಿ, ಆಗಷ್ಟೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದರು. ನಾನು ಸಾಲಿನಲ್ಲಿ ನಿಂತೆ. ಅವರು ಬೆಂಚಿನ ಮೇಲೆ ಕೂತು ಪ್ರಾಸ್ಪೆಕ್ಟಸ್ ಓದತೊಡಗಿದರು.

"ಏ, ಇಲ್ನೋಡೇ! ವಯಸ್ಸಿನ ಮಿತಿ ಇಲ್ಲ ಅಂತ ಬರ್ದಿದಾರೆ!"

"ಹೌದಾ ಅತ್ತೆ?" ಎಂದೆ, ಸೊಸೆ ಎಷ್ಟು ಆಸಕ್ತಿ ತೋರಿಸಬೇಕೋ ಅಷ್ಟೇ ತೋರಿಸಿ.

ಅತ್ತೆ ಎದ್ದವರೇ ನೇರವಾಗಿ ಕಿಟಕಿಗೆ ಹೋಗಿ, "ಸಾರ್, ಇನ್ನೊಂದು ಅರ್ಜಿ ಕೊಡಿ" ಎಂದರು.

"ಇನ್ನೊಬ್ಬ ಮಗಳಿಗಾಮ್ಮ?"

"ಇಲ್ಲ ಸಾರ್, ಇವಳ ಅತ್ತೆಗೆ."

ಪ್ರವೇಶ ಪರೀಕ್ಷೆಯಲ್ಲಿ ನನಗೆ ಸೀಟು ಸಿಕ್ಕಿತು. ಅತ್ತೆಗೂ ಸಿಕ್ಕಿತು, ಪಟ್ಟಿಯಲ್ಲಿ ನನಗಿಂತ ಮೇಲೆಯೇ! ಮನೆಯಲ್ಲಿ ಮಾವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಮಗನನ್ನು ಪಕ್ಕಕ್ಕೆ ಕರೆದು, "ಸಂಜೆ ಕಾಫಿ ಯಾರೋ ಮಾಡೋರು?" ಎಂದು ಕೇಳಿದರಂತೆ.

ಸೇರಿದ ದಿನ ಎಲ್ಲರಿಗೂ ಒಂದೊಂದು ನಿಯಮಾವಳಿಯ ಪುಸ್ತಕ ಕೊಟ್ಟರು. ನಾವೆಲ್ಲ ಅದನ್ನು ಬ್ಯಾಗಿನ ತಳಕ್ಕೆ ತಳ್ಳಿದೆವು. ಅಂಥ ಪುಸ್ತಕವನ್ನು ಯಾರಾದರೂ ಓದುತ್ತಾರೆಯೇ? ನಮ್ಮತ್ತೆ ಓದಿದರು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯ ಚಿತ್ರದಿಂದ ಅದಕ್ಕೆ ಬೈಂಡು ಹಾಕಿ, ದೇವರಮನೆಯಲ್ಲಿ ವ್ರತಕಥೆಗಳ ಪಕ್ಕದಲ್ಲಿಟ್ಟರು. ಅವರ ಪ್ರಕಾರ ಎಂಬಿಎ ಒಂದು ವ್ರತ. ವ್ರತವೆಂದರೆ ಸುಮ್ಮನೆಯೇ? ಸಂಕಲ್ಪ ಬೇಕು, ನೇಮ ಬೇಕು, ಉದ್ಯಾಪನೆ ಬೇಕು. ಮಂಗಳಗೌರಿಯನ್ನು ಐದು ವರ್ಷ ತಪ್ಪದೆ ಪೂಜಿಸಿದ ಹೆಂಗಸಿಗೆ ನಾಲ್ಕು ಸೆಮಿಸ್ಟರು ಯಾವ ಲೆಕ್ಕ!

"ನೋಡೇ, ಕೋರ್ ಪೇಪರ್ ಅಂದ್ರೆ ಮನೆದೇವ್ರು. ಬಿಡೋ ಹಾಗಿಲ್ಲ. ಇಲೆಕ್ಟಿವ್ ಅಂದ್ರೆ ಇಷ್ಟದೇವ್ರು. ಯಾರನ್ನ ಬೇಕಾದ್ರೂ ಆರಿಸ್ಕೋಬಹುದು. ಆದ್ರೆ ಒಂದ್ಸಲ ಆರಿಸ್ಕೊಂಡ್ಮೇಲೆ ಬದಲಾಯಿಸಬಾರ್ದು, ಒಳ್ಳೇದಾಗಲ್ಲ."

ಇಂಟರ್ನಲ್ಲಿನಲ್ಲೂ ಪಾಸಾಗಬೇಕು, ಪರೀಕ್ಷೆಯಲ್ಲೂ ಪಾಸಾಗಬೇಕು, ಎರಡೂ ಕೂಡಿಸಿದಾಗ ಮತ್ತೆ ಬೇರೆ ಮಿತಿ ದಾಟಬೇಕು ಎಂಬ ನಿಯಮ ನನ್ನ ತಲೆಗೆ ಹೋಗಲೇ ಇಲ್ಲ. ಅತ್ತೆ ಒಂದೇ ಮಾತಿನಲ್ಲಿ ಬಗೆಹರಿಸಿದರು: "ಗಂಡನ್ನೂ ಒಪ್ಪಿಸ್ಬೇಕು, ಅತ್ತೇನೂ ಒಪ್ಪಿಸ್ಬೇಕು, ಅವರಿಬ್ರೂ ಒಟ್ಟಿಗೆ ಕೂತಾಗ್ಲೂ ಒಪ್ಪಿಸ್ಬೇಕು. ಅಷ್ಟೇ." ಆಮೇಲೆ ನಾನು ಅದನ್ನು ಮರೆತಿಲ್ಲ.

ಸಂಜೆಯಾದರೆ ನನ್ನ ಸ್ಕೂಟಿಯ ಹಿಂದೆ ಅಡ್ಡಡ್ಡವಾಗಿ ಕೂತು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಹೊರಡುತ್ತಿದ್ದರು. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಸಾಕು, ಕಣ್ಣುಮುಚ್ಚಿ "ಪ್ರಾಡಕ್ಟು, ಪ್ರೈಸು, ಪ್ಲೇಸು, ಪ್ರಮೋಷನ್ನು" ಎಂದು ರಾಗವಾಗಿ ಪಾಠ ಒಪ್ಪಿಸತೊಡಗುತ್ತಿದ್ದರು. ಒಮ್ಮೆ ಪಕ್ಕದ ಆಟೋದವನು ಕೈಮುಗಿದುಕೊಂಡೇ, "ಯಾವ್ ದೇವ್ರ ಸ್ತೋತ್ರ ಆಂಟಿ ಅದು?" ಎಂದು ಕೇಳಿದ.

"ಮಾರ್ಕೆಟಿಂಗ್ ಕಣಪ್ಪಾ" ಎಂದರು ಅತ್ತೆ. ಪಾಪ, ಅವನು ಅದ್ಯಾವ ಊರಿನ ದೇವರೋ ಎಂದು ಯೋಚಿಸುತ್ತಲೇ ಹೋದ.

ಅಷ್ಟರಲ್ಲಿ ಕೆಂಗೇರಿಯಲ್ಲಿ ಮಾವನ ದೂರದ ದಾಯಾದಿಯೊಬ್ಬರು ತೀರಿಕೊಂಡರು. ಮನೆಗೆ ಸೂತಕ ಬಂತು. ದೇವಸ್ಥಾನಕ್ಕೆ ಹೋಗುವಂತಿಲ್ಲ, ಸರಿ. ಕಾಲೇಜಿಗೆ? ನಿಯಮಾವಳಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ! ಅತ್ತೆ ಕಂಗಾಲಾದರು. ಕೊನೆಗೆ ಕಾಲೇಜಿಗೆ ಹೋಗಿ, ಕೋರ್ಸ್ ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್ ಸಾರ್ ಕೋಣೆಯ ಹೊಸ್ತಿಲಾಚೆಯೇ ನಿಂತು ಕೂಗಿದರು.

"ಸಾರ್, ನಮಗೆ ಸೂತಕ. ಒಳಗೆ ಬರ್ಬಹುದಾ?"

ಆ ಮನುಷ್ಯ ಎಷ್ಟು ವರ್ಷ ಪಾಠ ಮಾಡಿದ್ದರೋ, ಈ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. "ಬನ್ನಿ ಅಮ್ಮಾ, ನಮ್ದೇನೂ ಅಭ್ಯಂತರ ಇಲ್ಲ" ಎಂದರು.

"ಬರದಿದ್ರೆ ಆ ದಿನಗಳನ್ನ ಲೆಕ್ಕದಿಂದ ಬಿಡ್ತೀರಾ? ಸೋಮವಾರದ ವ್ರತದಲ್ಲಿ ಸೂತಕ ಬಂದ್ರೆ ಮುಂದಿನ ವಾರಕ್ಕೆ ಹಾಕ್ಕೋತೀವಿ."

"ಇಲ್ಲಮ್ಮಾ. ಎಪ್ಪತ್ತೈದು ಪರ್ಸೆಂಟ್ ಹಾಜರಿ ಇರ್ಲೇಬೇಕು."

ಅತ್ತೆ ಹೊರಗೆ ಬಂದು ಗಂಭೀರವಾಗಿ ಹೇಳಿದರು: "ದೇವ್ರೇ ವಾಸಿ ಕಣೇ. ಯೂನಿವರ್ಸಿಟಿ ತುಂಬಾ ಮಡಿ!"

ರಜೆಯಲ್ಲಿ ಯಾವುದಾದರೂ ಸಂಸ್ಥೆಗೆ ಹೋಗಿ ಪ್ರಾಜೆಕ್ಟ್ ಮಾಡಬೇಕು ಎಂಬುದು ಇನ್ನೊಂದು ನಿಯಮ. ನಾವೆಲ್ಲ ಪೀಣ್ಯದ ಫ್ಯಾಕ್ಟರಿಗಳ ಗೇಟು ಕಾದು ಸುಸ್ತಾದೆವು. ಅತ್ತೆ ನಮ್ಮ ಬೀದಿಯ ಹಪ್ಪಳ ಮಾಡುವ ಮಹಿಳಾ ಸಂಘವನ್ನು ಆರಿಸಿಕೊಂಡರು. ಕೆಲಸವೇನೋ ಚೆನ್ನಾಗಿಯೇ ಆಯಿತು. ಆದರೆ ಸಂಸ್ಥೆಯ ಮುಖ್ಯಸ್ಥರಿಂದ ಪ್ರಮಾಣಪತ್ರ ತರಬೇಕಿತ್ತು. ಸಂಘದ ಅಧ್ಯಕ್ಷೆ ಯಾರು? ಅತ್ತೆಯೇ! "ಈ ವಿದ್ಯಾರ್ಥಿನಿಯ ನಡತೆ ತೃಪ್ತಿಕರವಾಗಿದೆ" ಎಂದು ತಮ್ಮ ಬಗ್ಗೆ ತಾವೇ ಬರೆದು, ತಾವೇ ಸಹಿ ಹಾಕಿ, ಮೊಹರು ಒತ್ತಿದರು.

"'ಅತ್ಯುತ್ತಮ' ಅಂತ ಬರ್ಕೋಬಹುದಿತ್ತಲ್ಲ ಅತ್ತೆ?" ಎಂದೆ.

"ಛೆ ಛೆ! ಒಂದಿನ ಹಪ್ಪಳ ಒಣಗೋಕೆ ಹಾಕಿ ನಿದ್ದೆ ಮಾಡ್ಬಿಟ್ಟಿದ್ದೆ. ಸುಳ್ಳು ಬರೀಬಾರ್ದು" ಎಂದರು.

ಮೂರನೆಯ ಸೆಮಿಸ್ಟರು ಶುರುವಾಯಿತು. ಅದರ ಜೊತೆಗೇ ನನಗೆ ವಾಂತಿಯೂ ಶುರುವಾಯಿತು. ಮನೆಯವರೆಲ್ಲ ಹಿಗ್ಗಿದರು. ನಾನು ಮಾತ್ರ ಬಚ್ಚಲುಮನೆಯ ಗೋಡೆ ಹಿಡಿದುಕೊಂಡೇ ದಿನ ದೂಡಿದೆ. ಕಾಲೇಜಿಗೆ ಹೋಗುವುದು ಎಲ್ಲಿಂದ ಬಂತು? ಅತ್ತೆ ಒಬ್ಬರೇ ಬಸ್ಸು ಹತ್ತಿ ಹೋಗಿಬರುತ್ತಿದ್ದರು. "ನೀನು ಮಲ್ಕೋ, ಅಟೆಂಡೆನ್ಸ್ ವಿಚಾರ ನಂಗೆ ಬಿಡು" ಎಂದು ಧೈರ್ಯ ಬೇರೆ ಹೇಳಿದ್ದರು. ಏನು ಮಾಡುತ್ತಿದ್ದಾರೆಂದು ಗೊತ್ತಾದದ್ದು ಹೊಸ ಮೇಷ್ಟ್ರೊಬ್ಬರು ತಲೆ ಎತ್ತಿ ನೋಡಿಕೊಂಡು ಹಾಜರಿ ಕರೆದಾಗ. ಅವರು ನನ್ನ ಹೆಸರು ಕೂಗಿದರು.

"ಪ್ರೆಸೆಂಟ್ ಸಾರ್" ಎಂದರು ಅತ್ತೆ.

"ಈಗಷ್ಟೇ ನಿಮ್ಮ ಹೆಸರಿಗೂ ನೀವೇ ಅಂದ್ರಲ್ಲಾ ಅಮ್ಮಾ?"

"ಹೌದು ಸಾರ್. ಅವಳು ನನ್ನ ಸೊಸೆ, ಮನೇಲಿದಾಳೆ. ವಾಂತಿ."

"ಮತ್ತೆ ಪ್ರೆಸೆಂಟ್ ಅಂತೀರಿ?"

"ಒಂದೇ ಮನೆಯವ್ರಲ್ವಾ ಸಾರ್! ಸತ್ಯನಾರಾಯಣ ಪೂಜೆಗೆ ಮನೆಯಿಂದ ಒಬ್ರು ಕೂತ್ರೆ ಎಲ್ರಿಗೂ ಫಲ ಬರುತ್ತೆ. ನೋಡಿ, ಅವಳಿಗೆ ಪ್ರಸಾದಾನೂ ತಗೊಂಡು ಹೋಗ್ತಿದೀನಿ" ಎಂದು ನನಗೋಸ್ಕರ ಎರಡನೇ ಸಲ ಬರೆದುಕೊಂಡ ನೋಟ್ಸನ್ನು ಎತ್ತಿ ತೋರಿಸಿದರಂತೆ.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆದರೆ ಯೂನಿವರ್ಸಿಟಿ ನಗಲಿಲ್ಲ. ಅತ್ತೆ ನನ್ನ ಪರವಾಗಿ ಹೇಳಿದ್ದ ಪ್ರೆಸೆಂಟುಗಳನ್ನೆಲ್ಲ ಹೊಡೆದುಹಾಕಿದರು. ಡಾಕ್ಟರ ಚೀಟಿಗೆ ಸಿಕ್ಕುವ ರಿಯಾಯಿತಿ ಸೇರಿಸಿದರೂ ನನ್ನ ಹಾಜರಿ ಸಾಲಲಿಲ್ಲ. ನಾನು ಪರೀಕ್ಷೆಗೆ ಕೂರುವಂತಿಲ್ಲ, ಮುಂದಿನ ವರ್ಷದವರ ಜೊತೆ ಮೂರನೆಯ ಸೆಮಿಸ್ಟರನ್ನು ಮತ್ತೆ ಮೊದಲಿಂದ ಓದಬೇಕು ಎಂದಾಯಿತು. ಅತ್ತೆ ನಾಲ್ಕನೆಯದಕ್ಕೆ ಹೋದರು. ನನಗೆ ಮಗಳು ಹುಟ್ಟಿದಳು.

ಮಗು ಬಂದ ಮೇಲೆ ನಾನು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಸಿದೆ. "ಸಾಕು ಅತ್ತೆ. ನಾನಿನ್ನು ಹೋಗಲ್ಲ" ಎಂದೆ.

"ನಾಲ್ಕು ವರ್ಷದೊಳಗೆ ಮುಗಿಸಿದ್ರೆ ಆಯ್ತು ಅಂತ ರೂಲ್ಸಲ್ಲಿದೆ ಕಣೇ. ಇನ್ನೂ ಟೈಮಿದೆ."

"ರೂಲ್ಸಲ್ಲಿ ಮಗು ಇಲ್ವಲ್ಲ ಅತ್ತೆ!"

ಅತ್ತೆ ನನ್ನ ಕೈಯಿಂದ ಮಗುವನ್ನೆತ್ತಿಕೊಂಡು ದೇವರಮನೆಯತ್ತ ಹೋದರು. ನಿಜ ಹೇಳಬೇಕೆಂದರೆ ನನಗೆ ಓದಬೇಕೆಂದು ಆಸೆಯಿತ್ತು, ತುಂಬಾನೇ ಇತ್ತು. ಆದರೆ ನನಗಿಂತ ಚಿಕ್ಕ ಹುಡುಗರ ನಡುವೆ, ಒಬ್ಬಳೇ, ಹಿಂದುಳಿದವಳ ಹಣೆಪಟ್ಟಿ ಕಟ್ಟಿಕೊಂಡು ಕೂರಲು ಎದೆ ಒಪ್ಪಲಿಲ್ಲ.

ಅತ್ತೆಯ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂತು. ಎಲ್ಲದರಲ್ಲೂ ಒಳ್ಳೆಯ ನಂಬರು. ಒಂದರಲ್ಲಿ ಮಾತ್ರ ಫೇಲು. ಅದೂ ಯಾವುದರಲ್ಲಿ? ಲೆಕ್ಕಪತ್ರದ ಪೇಪರಿನಲ್ಲಿ! ಜೀವಮಾನವಿಡೀ ಲೆಕ್ಕ ಬರೆದ ಹೆಂಗಸು! ಮಾವ ತಲೆಯ ಮೇಲೆ ಕೈ ಹೊತ್ತರು. ಅತ್ತೆ ಮಾತ್ರ ಬೀನ್ಸ್ ಮುರಿಯುತ್ತಾ ಆರಾಮಾಗಿ ಹೇಳಿದರು.

"ಹಣೇಬರಹ, ಏನ್ಮಾಡೋಕಾಗುತ್ತೆ? ಆ ಪೇಪರು ಮತ್ತೆ ಬರೋದು ಮುಂದಿನ ವರ್ಷಾನೇ ಅಂತೆ. ಅಷ್ಟೊತ್ತಿಗೆ ನೀನೂ ನಾಲ್ಕನೇ ಸೆಮಿಸ್ಟರಿಗೆ ಬಂದಿರ್ತೀಯ. ಬಾರೇ, ಜೊತೇಲೇ ಬರೆಯೋಣ. ಒಬ್ಳೇ ಹೋಗೋಕೆ ನಂಗೆ ನಾಚ್ಕೆ."

ನನಗೆ ಅಯ್ಯೋ ಅನ್ನಿಸಿತು. ಈ ವಯಸ್ಸಿನಲ್ಲಿ ಫೇಲಾದವರಿಗೆ ಜೊತೆ ಕೊಡದಿದ್ದರೆ ನಾನೆಂಥ ಸೊಸೆ? ಪುಸ್ತಕದ ಗಂಟು ಅಟ್ಟದಿಂದ ಇಳಿಯಿತು. ಮತ್ತೆ ಸ್ಕೂಟಿ, ಮತ್ತೆ ಮಾಗಡಿ ರಸ್ತೆ. ಒಂದೇ ಪೇಪರು ಉಳಿದವರು ಕ್ಲಾಸಿಗೆ ಬರಲೇಬೇಕೆಂಬ ನಿಯಮವಿಲ್ಲ. ಆದರೂ ಅತ್ತೆ ದಿನಾ ಬಂದರು. ಮಾವನೂ ಬಂದರು, ಮಗುವನ್ನೆತ್ತಿಕೊಂಡು, ಆಟೋದಲ್ಲಿ! ನಾನು ಒಳಗೆ ಪಾಠ ಕೇಳುತ್ತಿದ್ದರೆ ಹೊರಗೆ ಹೊಂಗೆ ಮರದ ಕೆಳಗೆ ಇಬ್ಬರೂ ಮಗುವಿಗೆ ಸೆರ್ಲಾಕ್ ತಿನ್ನಿಸುತ್ತಾ ಜಗಳವಾಡುತ್ತಿದ್ದರು. ಮಗು ಅತ್ತರೆ ಅತ್ತೆ ಕಿಟಕಿಗೆ ಬಂದು "ಸಾರ್, ಐದು ನಿಮಿಷ ಇವಳನ್ನ ಕಳಿಸಿ, ಹಾಜರಿ ಕಟ್ ಮಾಡ್ಬೇಡಿ" ಎನ್ನುತ್ತಿದ್ದರು. ಮೇಷ್ಟ್ರಿಗೂ ಅಭ್ಯಾಸವಾಗಿ, ಮಗು ಅಳದ ದಿನ ಅವರೇ ಕಿಟಕಿಯತ್ತ ನೋಡುತ್ತಿದ್ದರು.

ಇಬ್ಬರೂ ಪಾಸಾದೆವು. ಘಟಿಕೋತ್ಸವದ ದಿನ ಅತ್ತೆ ರೇಷ್ಮೆ ಸೀರೆಯ ಮೇಲೆ ಕರೀ ಗೌನು ಹಾಕಿಕೊಂಡು, ಮಲ್ಲಿಗೆ ಮುಡಿದ ತುರುಬಿನ ಮೇಲೆ ಟೋಪಿ ಕೂರದೆ ಹೇರ್‌ಪಿನ್ನಿಗಾಗಿ ಓಡಾಡುತ್ತಿದ್ದರು. ಆಗ ಕೋಆರ್ಡಿನೇಟರ್ ಸಾರ್ ನನ್ನ ಬಳಿ ಬಂದರು.

"ಕಳೆದ ವರ್ಷ ಮೆಡಲ್ ನಿಮ್ಮತ್ತೆಗೇ ಬರೋದಿತ್ತಮ್ಮ. ಆ ಲೆಕ್ಕದ ಪೇಪರಿನ ದಿನ ಎಕ್ಸಾಂ ಹಾಲಲ್ಲಿ ನಾನೇ ಇದ್ದೆ. ಹೆಸರು, ನಂಬರು ಬರೆದು ಸುಮ್ಮನೆ ಕೂತಿದ್ರು. ಬರೀರಿ ಅಮ್ಮಾ ಅಂದೆ. 'ಅರ್ಧ ಗಂಟೆ ಆಗೋವರೆಗೂ ಹೊರಗೆ ಬಿಡಲ್ವಲ್ಲ ಸಾರ್, ಅದಕ್ಕೆ ಕೂತಿದೀನಿ' ಅಂದ್ರು. ಮೊದಲ ಸಲಕ್ಕೇ ಎಲ್ಲಾ ಪಾಸಾದ್ರೆ ಮಾತ್ರ ಮೆಡಲ್ ಕೊಡೋದು, ಗೊತ್ತಲ್ವಾ ಅಂತಾನೂ ಕೇಳ್ದೆ. 'ಗೊತ್ತು ಸಾರ್, ಹನ್ನೊಂದನೇ ಪುಟ' ಅಂತ ಹೇಳಿ, ಖಾಲಿ ಪೇಪರ್ ಕೊಟ್ಟು ಹೋಗ್ಬಿಟ್ರು."

ಗೌನು ವಾಪಸು ಕೊಡುವ ಮೊದಲು ಫೋಟೋ ತೆಗೆಸಿಕೊಳ್ಳೋಣವೆಂದು ಅತ್ತೆ ನನ್ನನ್ನು ವಿಜಯನಗರದ ಸ್ಟುಡಿಯೋಗೆ ಎಳೆದುಕೊಂಡು ಬಂದರು. ಫೋಟೋದವನು ಲೈಟು ಸರಿಮಾಡುತ್ತಿದ್ದಾಗ ಕೇಳಿಯೇಬಿಟ್ಟೆ.

"ಯಾಕೆ ಅತ್ತೆ ಹಾಗೆ ಮಾಡಿದ್ರಿ? ಮೆಡಲ್ ನಿಮ್ದೇ ಆಗ್ತಿತ್ತಂತೆ!"

ಅತ್ತೆ ನನ್ನ ಟೋಪಿ ನೆಟ್ಟಗೆ ಮಾಡಿದರು. ನಗುತ್ತಲೇ ಹೇಳಿದರು.

"ಬಿಕಾಂ ಕೊನೇ ವರ್ಷದಲ್ಲಿ ನಿನ್ ಗಂಡ ಹುಟ್ಟಿದ ಕಣೇ. ನಂದು ನಿಂತೋಯ್ತು. ನನ್ ಜೊತೆಯವ್ರೆಲ್ಲ ಪಾಸಾಗಿ, ಮನೇವರೆಗೂ ಬಂದು ಸ್ವೀಟು ಕೊಟ್ಟು, ಮಗೂನ ಮುದ್ದಾಡಿ ಹೋದ್ರು. ತುಂಬಾ ಒಳ್ಳೆಯವ್ರು ಎಲ್ರೂನೂ. ಆದ್ರೆ ಒಬ್ರೂ ನಿಂತ್ಕೊಳ್ಲಿಲ್ಲ. ಮತ್ತೆ ಒಬ್ಳೇ ಹೋಗಿ ಕೂರೋಕೆ ಧೈರ್ಯ ಬಂದು ಮುಗಿಸೋಷ್ಟ್ರಲ್ಲಿ ನಿನ್ ಗಂಡನಿಗೇ ಮೀಸೆ ಬಂದಿತ್ತು. ನಿಂಗೂ ಸ್ವೀಟು ತಂದ್ಕೊಡ್ಲಾ ನಾನು?"

"ಸ್ಮೈಲ್ ಮಾಡಿ ಆಂಟಿ" ಎಂದ ಫೋಟೋದವನು. ಅತ್ತೆ ಮಾಡಿದರು. ನನ್ನ ಕೈಲಾಗಲಿಲ್ಲ. ಅತ್ತೆಯ ಹೆಗಲಿಗೆ ಮುಖ ಒತ್ತಿ, ಹೆತ್ತಮ್ಮನ ಮುಂದೆಯೂ ಅಷ್ಟು ಅತ್ತವಳಲ್ಲ, ಗೊಳೋ ಎಂದು ಅತ್ತುಬಿಟ್ಟೆ.